ಐದು ಒಂಬತ್ತು

ಮೀನುಗಾರಿಕೆ ನಿಂತ ಮೂರನೇ ವಾರ. ಮಲ್ಪೆ ಧಕ್ಕೆಯಲ್ಲಿ
ಬೋಟುಗಳು ಟಾರ್ಪಾಲು ಹೊದ್ದು, ಮೈಗೆ ಮೈ ಒತ್ತಿ ನಿಂತಿವೆ.
ಐಸ್ ಪ್ಲಾಂಟೂ ಬಾಯಿ ಮುಚ್ಚಿದೆ. ಸೊಸೈಟಿಯಲ್ಲಿ ನಾನು,
ಮತ್ತೆ ಮೆಟ್ಟಿಲ ಕೆಳಗೆ ಗುಂಯ್ ಎನ್ನುವ ಒಂದು ಸರ್ವರು.

ನಿನ್ನೆ ರಾತ್ರಿ ಯಾರೋ ಬಾಗಿಲು ಬಡಿದಿದ್ದಾರೆ.
ಕೈಯಿಂದಲ್ಲ. ರೂಟ್, ರೂಟ್, ರೂಟ್ ಎಂದು
ನಾಲ್ಕು ಸಾವಿರದ ಇನ್ನೂರು ಸಲ, ಯಾವ ಊರಿಂದಲೋ.
ತೆರೆಯಲಿಲ್ಲ. ಆದರೂ ಆ ಬಡಿತಗಳನ್ನು ಸಾಲು ಸಾಲಾಗಿ ಓದುತ್ತ
ಚಹಾದ ಮೇಲೆ ಕೆನೆ ಕಟ್ಟಿತು.

"ಪ್ರೆಸಿಲ್ಲಾ ಬಾಯೀ, ಎಲ್ಲರಿಗೂ ಒಂದೇ ಕಾನೂನು ಮಾಡಿಬಿಡಿ"
ಅಂದರು ಸೆಕ್ರೆಟರಿ ಶ್ರೀಯಾನರು, ಬಾಗಿಲಲ್ಲೇ ಕೊಡೆ ಕೊಡವುತ್ತ.

ಮಾಡಿದೆ.
ಪಾಸ್‌ವರ್ಡಿಗೆ ತೊಂಬತ್ತು ದಿನ ಆಯುಷ್ಯ,
ಏಳು ದಿನ ಮೊದಲೇ ಎಚ್ಚರಿಕೆ.
ಮೂರು ಸಲ ತಪ್ಪಿದವರು ಕಾಲು ಗಂಟೆ ಹೊರಗೆ.
ಹೊಸ ಕಡತ ಹುಟ್ಟುವಾಗಲೇ
ಬೇರೆಯವರಿಗೆ ಬೆನ್ನು ಮಾಡಿ ಹುಟ್ಟಲಿ.
ರೂಟ್ ಬರಬೇಕಾದರೆ ಖುದ್ದು ಬರಲಿ,
ಮೆಟ್ಟಿಲ ಕೆಳಗೆ ಸೊಂಟ ಬಗ್ಗಿಸಿ,
ಈ ಒಂದೇ ಕೀಲಿಮಣೆಯ ಎದುರು.

ಒಂದು ಕಡೆ ಮಾತ್ರ ಬೆರಳು ನಿಂತಿತು:
ಅವಧಿ ಮುಗಿದ ಮೇಲೂ ಎಷ್ಟು ದಿನ ಕಾಯಬೇಕು,
ಖಾತೆಗೆ ಬೀಗ ಬೀಳುವ ಮುಂಚೆ?
ಅರುವತ್ತೈದು ಬರೆದೆ.
ಬೋಟು ಕಟ್ಟಿದ ಅರುವತ್ತೊಂದು ದಿನ,
ಮೇಲೆ ನಾಲ್ಕು, ಕಡಲಿನ ಕೋಪಕ್ಕೆ.

ಕಡತ ಮುಚ್ಚಿ ಕೈ ಒರಸಿಕೊಂಡೆ. ಆಮೇಲೆ ನೋಡುತ್ತೇನೆ,
ಎಂತದೂ ಆಗಿಲ್ಲ ಮಾರಾಯ್ರೇ.
ಈ ಕಾನೂನು ಇನ್ನು ಹುಟ್ಟುವ ಖಾತೆಗಳಿಗೆ ಮಾತ್ರ.
ಇದ್ದ ನಲವತ್ತಮೂರು ಮಂದಿಯ ಸಾಲಿನಲ್ಲಿ
ಮೊದಲಿನ ಹಾಗೇ ಐದು ಒಂಬತ್ತು,
ಒಂದೇ ದಾರಕ್ಕೆ ಕಟ್ಟಿದ ಐದು ಗಾಳ:
ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ದಿನ,
ಅಂದರೆ ಇನ್ನೂರೆಪ್ಪತ್ತಮೂರು ಮಳೆಗಾಲ.
ಅಷ್ಟು ವರ್ಷ ಯಾರು ಬದುಕುತ್ತಾರೆ, ಆಮೆ ಕೂಡ?

ಹಳಬರ ಹತ್ತಿರ ಹೆಸರು ಹಿಡಿದೇ ಹೋಗಬೇಕು,
ಒಬ್ಬೊಬ್ಬರಾಗಿ.

ಯಂತ್ರಕ್ಕೆ ಆಟಿ ಇಲ್ಲ, ಸೋಣ ಇಲ್ಲ.
ಎಪ್ಪತ್ತರ ಜನವರಿ ಒಂದರಿಂದ ದಿನ ಎಣಿಸುತ್ತ ಕೂತಿದೆ.
ಗುಲಾಬಿ ಮೆಂಡನ್ ಅದಕ್ಕಿಂತ ಎರಡು ವರ್ಷ ದೊಡ್ಡವಳು.
ಅವಳು ಪಾಸ್‌ವರ್ಡ್ ಇಟ್ಟದ್ದು
ಹದಿನೈದು ಸಾವಿರದ ನೂರ ಹತ್ತನೆಯ ದಿನ.
ಹರಾಜು ಪುಸ್ತಕ ಕಂಪ್ಯೂಟರಿಗೆ ಬಂದ ಮೇ ತಿಂಗಳು,
ಕಲಿಸಿದ್ದೂ ನಾನೇ, ಅತ್ತ ತಿರುಗಿ ನಿಂತು.

ಫೋನು ಮಾಡಿದೆ. ಆ ಕಡೆ ಒಗ್ಗರಣೆ ಸಿಡಿಯುತ್ತಿತ್ತು.
"ಬದಲಿಸಬೇಕಾ? ನಾನೆಂತ ತಪ್ಪು ಮಾಡಿದ್ದೇನೆ?
ಇಷ್ಟು ವರ್ಷ ಗಂಡನಿಗೂ ಹೇಳಲಿಲ್ಲ."
ತಪ್ಪಲ್ಲ ಗುಲಾಬಿಯಕ್ಕ, ಬೀಗ ಬದಲಿಸಿದರೆ
ಮನೆಯವರು ಕಳ್ಳರಾಗುವುದಿಲ್ಲ, ಅಂದೆ.
ಒಗ್ಗರಣೆ ತಣಿಯುವಷ್ಟು ಹೊತ್ತು ಮೌನ.
"ಹಾಗಾದರೆ ನಿನ್ನದು?"

ನನ್ನದು.
ಪಟ್ಟಿಯ ತುದಿಯಲ್ಲೇ ಇತ್ತು, ಎಲ್ಲದರ ಬೇರು,
ದಿನ ಬೆಳಗಾದರೆ ನಾನೇ ತೊಡುವ ಹೆಸರು.
ಅದರ ಮುಂದೆಯೂ ಐದು ಗಾಳ,
ನಾನೇ ಇಳಿಬಿಟ್ಟು ಮರೆತವು.
ಅವಳಿಗೆ ಏನೂ ಹೇಳಲಿಲ್ಲ.
ಫೋನಿಟ್ಟು ಮೆಟ್ಟಿಲ ಕೆಳಗೆ ನುಸುಳಿದೆ.
ತಲೆಗೆ ತೊಲೆ ತಾಗಿತು.

ಹಸನಬ್ಬ, ಜಲಜ, ಬಾಬು ಕುಂದರ್...
ಒಂಬತ್ತು ಅಳಿಸಿ ತೊಂಬತ್ತು, ಮತ್ತೆ ತೊಂಬತ್ತು.
ಬಿಟ್ಟುಹೋದವರ ಹೆಸರಿಗೆ ಬೀಗ ಹಾಕಿದೆ, ಅಳಿಸಲಿಲ್ಲ;
ಅವರು ತೂಗಿದ ಬಂಗುಡೆಯ ಲೆಕ್ಕ ಇನ್ನೂ ಅವರ ಹೆಸರಲ್ಲೇ ಉಂಟು.
ಮುಗಿಯುವಾಗ ಮಸೀದಿಯ ಬಾಂಗು ಕೇಳಿತು,
ಯಾವ ಹೊತ್ತಿನದೆಂದು ತಿಳಿಯಲಿಲ್ಲ.

ಆಗಸ್ಟ್ ಒಂದು. ಐಸ್ ಪುಡಿ ಮಾಡುವ ಯಂತ್ರ ಅರಚುತ್ತಿದೆ.
ಕೌಂಟರಿನ ಮುಂದೆ ಸಾಲು, ಬಾಯಲ್ಲಿ ಹೊಸ ಹೊಸ ಶಬ್ದ ಹಿಡಿದು.
ತೂಕದ ಸಾಧು ಕೋಟ್ಯಾನ್, ಇಷ್ಟು ವರ್ಷ
ಒಂದೇ ಬೆರಳಲ್ಲಿ ಒತ್ತುತ್ತ, "ಅಂ-ಜ-ಲ್" ಎಂದು
ಧಕ್ಕೆಗೆಲ್ಲ ಕೇಳುವ ಹಾಗೆ ಓದುತ್ತಿದ್ದವನು,
ಇವತ್ತು ಒಮ್ಮೆ ನನ್ನ ಕಡೆ ನೋಡಿದ,
ಎಡಗೈಯಿಂದ ಪರದೆಗೆ ಮರೆ ಹಿಡಿದ.

ತುಟಿ ಮಾತ್ರ ಅಲುಗುತ್ತಿದೆ.