ಎದೆಯ ಬಿಳಿ ಮಚ್ಚೆ

ಕಿವಿಯ ತುದಿಯಿಂದ ಉಗುರಿನಷ್ಟು ಚರ್ಮ ಕೊಯ್ದರು,
ಐಸ್‌ಕ್ರೀಂ ಮಾರುವವನ ಡಬ್ಬಿಯಂಥದರಲ್ಲಿಟ್ಟು
ಜೀಪಿನಲ್ಲಿ ಒಯ್ದರು ಯಲಹಂಕದಾಚೆಗೆ.
ಝಾನ್ಸಿ ಸತ್ತು ಆಗಿನ್ನೂ ಎರಡು ಗಂಟೆ.
ಆಡುಗೋಡಿಯ ಮೈದಾನದ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದೆ.
ಸಾಹೇಬರು ಹೆಗಲು ಮುಟ್ಟಿದರು: ‘ಅಳಬೇಡಿ ಚೌರಪ್ಪ,
ಇವಳನ್ನೇ ಮತ್ತೆ ತರಿಸುತ್ತೇವೆ.’

ಇವಳನ್ನೇ.
ಇಂಥ ಮಾತು ಚರ್ಚಿನಲ್ಲಿ ಕೇಳಿದ್ದೆ,
ಪಾಸ್ಕದ ಇರುಳು, ಮೇಣದಬತ್ತಿ ಹಿಡಿದು.
ಇಲಾಖೆಯ ಬಾಯಲ್ಲಿ ಅದೇ ಮೊದಲು.

ಆಸೆಯಾಗಲಿಲ್ಲವೇ? ಆಯಿತು.
ಅಂಥ ಮೂಗು ಸಾವಿರಕ್ಕೊಂದು ಹುಟ್ಟಿದರೆ ಹೆಚ್ಚು.
ಕಿಕ್ಕಿರಿದ ಬಸ್ ನಿಲ್ದಾಣದಲ್ಲಿ,
ಮಲ್ಲಿಗೆ, ಡೀಸೆಲ್ಲು, ಕರಿದೆಣ್ಣೆ, ಉಚ್ಚೆಯ ನಡುವೆ
ಒಂದು ಟಿಫನ್ ಡಬ್ಬಿಯ ಮುಂದೆ ಹೋಗಿ ಕೂತಳು.
ಕೂತಳು, ಅಷ್ಟೇ. ಬೊಗಳಲಿಲ್ಲ.
ಆ ರಾತ್ರಿ ಎಷ್ಟು ಮಂದಿ ಊಟಕ್ಕೆ ಮನೆ ಸೇರಿದರೋ
ಅವರಿಗೇ ಗೊತ್ತಿಲ್ಲ.
ಅಂಥವಳನ್ನು ಮಣ್ಣಿಗೆ ಹಾಕಿ ಕೈತೊಳೆಯುವುದು
ಯಾವ ನ್ಯಾಯ, ನೀವೇ ಹೇಳಿ.

ಡಾಕ್ಟರ್ ನಫೀಸಾ ಬಿಡಿಸಿ ಹೇಳಿದರು, ಪುಣ್ಯಾತ್ಗಿತ್ತಿ,
ಕಾಫಿ ಲೋಟ ಮುಂದಿಟ್ಟುಕೊಂಡು:
ಬೇರೊಂದು ನಾಯಿಯ ಅಂಡದ ತಿರುಳು ತೆಗೆದು
ಝಾನ್ಸಿಯ ತಿರುಳು ಇಡುವುದಂತೆ,
ಸಣ್ಣಗೆ ಕರೆಂಟು ಮುಟ್ಟಿಸುವುದಂತೆ,
ಆಮೇಲೆ ಒಂದು ಬಾಡಿಗೆ ಹೊಟ್ಟೆ.

‘ಒಂದೇ ಸಲಕ್ಕೆ ಆಗುತ್ತದೆಯೇ?’
ಆಕೆ ಲೋಟ ಸರಿಸಿದರು.
ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಮೂವತ್ತೊಂದು ಗೀಟು.
ಕೆಲವು ಕಟ್ಟಲೇ ಇಲ್ಲ. ಕೆಲವು ಕರಗಿದವು.
ಎರಡು ಹುಟ್ಟಿದವು. ಒಂದರ ನಾಲಿಗೆ ಬಾಯಲ್ಲಿ ಹಿಡಿಸದಷ್ಟು ದಪ್ಪ.
ಇನ್ನೊಂದು ಮೂರು ದಿನ ಉಸಿರಿನ ಜೊತೆ ಜಗಳವಾಡಿ ಸೋತಿತು.
ಅವೂ ಝಾನ್ಸಿಯೇ ಅಲ್ಲವೇ ಮೇಡಂ, ಲೆಕ್ಕದ ಪ್ರಕಾರ?
ಆಕೆ ಕಿಟಕಿಯತ್ತ ನೋಡಿದರು.
ಹೊರಗೆ ವಿಮಾನವೊಂದು ಇಳಿಯುತ್ತಿತ್ತು.

ಮೂವತ್ತೆರಡನೆಯದು ಬದುಕಿತು.
ಅದೇ ಕಪ್ಪು. ಅದೇ ಸೋರುವ ಎಡಗಣ್ಣು.
ಮಾತಾಡಿಸಿದರೆ ಅದೇ ರೀತಿ ತಲೆ ವಾಲಿಸುವುದು,
ಬಾಡಿಗೆ ಬಾಕಿ ಕೇಳಲು ಬಂದವಳ ಹಾಗೆ.
ಎದೆಯ ಬಿಳಿ ಮಚ್ಚೆ ಮಾತ್ರ
ಎರಡು ಬೆರಳು ಎಡಕ್ಕೆ ಸರಿದಿತ್ತು.
ಮಚ್ಚೆ ತಿರುಳಿನ ಮಾತು ಪೂರ್ತಿ ಕೇಳುವುದಿಲ್ಲ ಎಂದರು ಮೇಡಂ,
ಹೊಟ್ಟೆಯೊಳಗೆ ಬಣ್ಣ ನಡೆದ ದಾರಿ ಬಣ್ಣದ್ದೇ.

ಶಿಳ್ಳೆ ಹಾಕಿದೆ. ನಮ್ಮ ಶಿಳ್ಳೆ,
ಎರಡು ಗಿಡ್ಡ, ಒಂದು ಉದ್ದ, ಒಂಬತ್ತು ವರ್ಷದ್ದು.
ನೋಡಿದಳು,
ಯಾರೋ ಮುದುಕ ಶಿಳ್ಳೆ ಹಾಕಿದನೆಂದು ನೋಡುವ ಹಾಗೆ.
ತಪ್ಪು ಅವಳದಲ್ಲ.
ಒಂಬತ್ತು ವರ್ಷ ಕಿವಿಯ ತುದಿಯಲ್ಲಿ ಇರಲಿಲ್ಲ.
ದೀಪಾವಳಿಯ ಪಟಾಕಿಗೆ ನನ್ನ ಮಂಚದಡಿ ನಡುಗಿದ್ದು,
ನನ್ನ ರೆಜೀನಾಳ ಶವಪೆಟ್ಟಿಗೆಯ ಮುಂದೆ ಹೋಗಿ
ಆ ಟಿಫನ್ ಡಬ್ಬಿಯ ಮುಂದೆ ಕೂತಂತೆಯೇ ಕೂತದ್ದು,
ಬೊಗಳದೆ,
ಯಾವ ಚರ್ಮದಲ್ಲಿ ಇರುತ್ತದೆ ಅದೆಲ್ಲ?

ಮೂಗು, ಸುಳ್ಳು ಹೇಳಬಾರದು, ಅದೇ ಮೂಗು.
ಹೋದ ತಿಂಗಳು ಕುಸಿದ ಕಟ್ಟಡದ ಸಿಮೆಂಟಿನಡಿ
ಏಳು ವರ್ಷದ ಹುಡುಗಿಯ ಜಾಡು ಹಿಡಿದಳು. ಹುಡುಗಿ ಬದುಕಿದ್ದಾಳೆ.
ಅದರ ಅಮ್ಮನ ಮುಂದೆ ನಿಂತು
ಮೂವತ್ತೊಂದು ಗೀಟಿನ ಮಾತೆತ್ತುವ ಧೈರ್ಯ ನನಗಿಲ್ಲ.
ಗೀಟುಗಳ ಮುಂದೆ ನಿಂತು
ಆ ಅಮ್ಮನ ಮಾತೆತ್ತುವುದಕ್ಕೂ.

ಇನ್ನೊಂದು ಹೇಳಬೇಕು.
ಮರಿ ನೋಡಲು ಹೋದ ದಿನ ಹಿಂದಿನ ಶೆಡ್ಡಿನಲ್ಲಿ ಕಂಡಿದ್ದಳು
ಬಾಡಿಗೆ ಹೊಟ್ಟೆಯವಳು,
ಕೋಗಿಲು ಕ್ರಾಸಿನಲ್ಲಿ ಹಿಡಿದು ತಂದ ಕಂದು ಬೀದಿನಾಯಿ.
ಒಣಗಿದ ಹೊಲಿಗೆ, ಜೋತ ಮೊಲೆ,
ಮರಿಯನ್ನು ಒಯ್ದ ಬಾಗಿಲ ಮೇಲೇ ಕಣ್ಣು.
ಕಾಗದದಲ್ಲಿ ಅವಳಿಗೊಂದು ನಂಬರು.
‘ಇವಳ ಚರ್ಮ ತೆಗೆದಿಟ್ಟಿದ್ದೀರಾ?’
‘ಇವಳದ್ದು ಯಾಕೆ?’ ಎಂದ ಕೆಲಸದ ಹುಡುಗ, ನಿಜಕ್ಕೂ ಅರ್ಥವಾಗದೆ.

ಸಹಿ ಹಾಕಿ ಮನೆಗೆ ತಂದೆ.
ಈಗ ನಮ್ಮ ಗಲ್ಲಿಯಲ್ಲಿ
ರಾತ್ರಿ ಹತ್ತಕ್ಕೆ ಕಸದ ಲಾರಿಗೆ ಬೊಗಳುತ್ತಾಳೆ.
ಶಿಳ್ಳೆಗೆ ಒಮ್ಮೆ ಬರುತ್ತಾಳೆ, ಒಮ್ಮೆ ಇಲ್ಲ.
ಹೆಸರು ಇನ್ನೂ ಇಟ್ಟಿಲ್ಲ.
ಮೂಗು ತೀರಾ ಸಾಧಾರಣ:
ಬಿಸ್ಕತ್ತು ನನ್ನ ಜೇಬಿನಲ್ಲಿದ್ದರೆ
ಕೈಯಲ್ಲಿ ಹುಡುಕುತ್ತಾಳೆ.