ರಿಜೆಕ್ಟ್ ಮಾಲು

ಆಯ್ತಾರ. ಉದ್ಯಮಬಾಗಿನ್ಯಾಗ ಭಟ್ಟಿ ತಣ್ಣಗೈತಿ.
ನಬೀಸಾಬ ಕೀಲಿ ತಗದು,
ಟೇಬಲ್ಲಿನ ಮ್ಯಾಲಿನ ಅರಿವಿ ಸರಿಸಿದ:
"ನೋಡ್ರಿ ಬಾಯಾರ,
ನಿಮ್ಮ ಕಣ್ಣ ದಾಟಿದರ ಇದು ಊರ ದಾಟತೈತಿ."

ಮೊಳದುದ್ದದ ಉಗಿಬಂಡಿ.
ಎರಡು ವರ್ಷ, ಪಾಳಿ ಮುಗಿದ ಮ್ಯಾಲಿನ ತಾಸೆಲ್ಲಾ ಅದರಾಗದಾವ.
ಹಿತ್ತಾಳಿ ಗಂಟಿ, ತಾಮ್ರದ ಬಾಯ್ಲರು,
ಚಿಮಣಿಗೆ ಕರೀ ಬಣ್ಣ, ಮುಟ್ಟಿದರ ಇನ್ನೂ ಅಂಟತೈತಿ.
ನಾ ಚಂದ ಅನ್ನಲಿಲ್ಲ.
ಇಪ್ಪತ್ತಾರು ವರ್ಷ ತಪಾಸಣಿ ಟೇಬಲ್ಲಿಗೆ ಕುಂತಾಕಿ,
ಚಂದ ಅನ್ನೂದು ಅಳತಿ ಅಲ್ಲ.

ವರ್ನಿಯರ್ ತಗದೆ.
ಗಾಲಿಯಿಂದ ಗಾಲಿಗೆ ನಲವತ್ತು ಮಿಲಿಮೀಟರು, ಬರೋಬರಿ.
ಹಿಂದಿನ ಜೋಡಿ ಒಂದು ಕೂದಲು ಸೊಟ್ಟ. ಬರಕೊಂಡೆ.
ಕೈಲೆ ನೂಕಿದೆ, ಹಗರಕ ಹೋತು,
ಒಂದ ಜಾಗಾದಾಗ ಮಾತ್ರ
ಗಂಟಲಾಗ ಮುಳ್ಳ ಸಿಕ್ಕವರಂಗ ತಡೀತು.
ಆ ತೂತಿಗೆ ಅರ ಆಡಿಸಿ ಎಣ್ಣಿ ಬಿಟ್ಟೆ.

ನೀರು ತುಂಬಿ ಸ್ಪಿರಿಟ್ ದೀಪ ಹಚ್ಚಿದಿವಿ.
ಚಾ ತರಿಸಿ ಕುಡಿಯೂದ್ರಾಗ
ಮುಳ್ಳು ಮೂರಕ್ಕ ಬಂತು.
ಹಿಡಿಕಿ ತಿರುವಿದರ ಒಮ್ಮೆ ಮೈ ಝಾಡಿಸಿ
ಸುಮ್ಮನ ನಿಂತತು.
ಚಿಮಣಿಯಿಂದ ಉಸ್ಸ್ ಅಂತ ಒಂದ ಸವನ ಉಸಿರು.
ಛುಕ್ಕೂ ಇಲ್ಲ, ಬುಕ್ಕೂ ಇಲ್ಲ.
ತೇಕತೈತಿ, ಹೆಜ್ಜಿ ಇಡವೊಲ್ದು.

ದೀಪ ದೊಡ್ಡದು ಮಾಡೂಣೇನಂದ ನಬೀಸಾಬ.
ಬ್ಯಾಡಂದೆ. ಬೆಂಕಿ ಸಾಕಷ್ಟೈತಿ,
ಉಗಿ ಕೆಲಸಕ್ಕ ಹೋಗದ ಸೀದಾ ಮನಿಗೆ ಹೊಂಟೈತಿ.
ಯಾವ ಸಂದ್ಯಾಗ ಹಾಯ್ತೈತಿ ನೋಡಬೇಕು.

ಆರಲಿಕ್ಕೆ ಬಿಟ್ಟು ಸಿಲಿಂಡರ್ ಬಿಚ್ಚಿದೆ.
ಬಾಯಿಗೆಲ್ಲಾ ರಬ್ಬರ್ ಬಿರಡಿ ಬಡದು,
ಸೈಕಲ್ ಪಂಪಿನ ಗಾಳಿ ಕೊಟ್ಟು,
ಸಬಕಾರದ ನೀರು ಸವರಿದೆ.
ಹೊರಗಿನ ಮೈ ಸುಮ್ಮನಿತ್ತು.
ಉಗಿ ಹೊರಬೀಳೂ ದಾರ್ಯಾಗ, ಒಳಗ,
ಬ್ಯಾಟರಿ ಹಿಡದು ನೋಡಿದರ
ಒಂದು ಗುಳ್ಳಿ ಉಬ್ಬಿತು,
ಒಡೀತು.
ಮತ್ತೊಂದು.
ಎಳ್ಳಿನಷ್ಟು ಗಾಳಿತೂತು, ಎರಕದಾಗ ಹುಟ್ಟಿದ್ದು.

ಮಗ್ಗಲಾ ಹೊಳ್ಳಿಸಿದರ, ಅರ ಮುಟ್ಟದ ಮೂಲ್ಯಾಗ,
ಕೆಂಪು ಬಣ್ಣದ ಗೀಟು.
ನನ್ನ ಕುಂಚದ್ದು.
ನಬೀಸಾಬ ಮಾರಿ ತಿರುವಿದ:
"ವಾಲ್ವ್ ಬಾಡಿ ಕೊಯ್ದದ್ದರೀ, ಹೋದ ಯುಗಾದಿಗಿಂತ ಹಿಂದಿಂದು.
ನಾ ಎರದದ್ದು. ನೀವ ಒಗದದ್ದು.
ಮಾಲಕರಿಗೆ ಕಿಲೋದ ರೊಕ್ಕಾ ಕೊಟ್ಟೇ ಒಯ್ದೇನಿ."

ತೂತು ಮುಚ್ಚಿ ಮಾಲು ದಾಟಿಸವರನ್ನ ನಾ ಬಲ್ಲೆ.
ಲಾಂಬಿ ಮೆತ್ತಿ, ಮ್ಯಾಲ ಬಣ್ಣ ಹೊಡದು,
ಇದೊಂದ ಸಲ ಬಿಡ್ರಿ ಬಾಯಾರ ಅಂದವರನ್ನ.
ಒಂದನ್ನೂ ಬಿಟ್ಟಾಕಿ ಅಲ್ಲ.
ಹಂಗಾರ ಡ್ರಿಲ್ಲಿಗೆ ಎರಡೂವರಿ ಬಿಟ್ ಹಾಕಿದ್ದು ಯಾರ ಕೈ?
ಆಟೆ ಕೊರದು, ಹಿತ್ತಾಳಿ ತಿರುಪು ಕೂಡಿಸಿ,
ತಲಿ ಕತ್ತರಿಸಿ, ಮಟ್ಟಸ ಅರದು
ಬೆರಳಾಡಿಸಿದೆ. ಗೊತ್ತಾಗವೊಲ್ದು.
ಅದ ಅಂಜಿಕಿ ನನಗ, ಗೊತ್ತಾಗವೊಲ್ದು.

ಮತ್ತ ನೀರು. ಮತ್ತ ದೀಪ. ಮತ್ತ ಮೂರು.
ಮೊದಲ ನಮ್ಮಿಬ್ಬರ ಮುಖಕ್ಕ
ಬಿಸಿ ಎಣ್ಣಿನೀರು ಉಗುಳಿತು.
ಆಮ್ಯಾಲ ಕೆಮ್ಮಿತು.
ಆಮ್ಯಾಲ, ಅಯ್ಯ, ಎಣಿಸಲಿಕ್ಕೆ ಬರತಿತ್ತು,
ಒಂದೊಂದ ಸುತ್ತಿಗೆ ನಾಕ ನಾಕ ಬಡಿತ.
ಹೊಂಟತು. ಹಿಂದಕ್ಕ!
ಹಿಡಿಕಿ ಮುಂದಕ್ಕೈತಿ, ಬಂಡಿ ಹಿಂದಕ್ಕ.
"ಮಿರಜಿಗೆ ಕಳಸಿದರ ಲೋಂಡಾಕ್ಕ ಹೊಂಟತಲ್ರಿ" ಅಂತ
ನಬೀಸಾಬ ನಕ್ಕು ನಕ್ಕು
ಹಳಿ ಮುಗಿಯೂದು ಮರತ.
ನಾ ಸೆರಗೊಡ್ಡಿ ಹಿಡದೆ.
ಸೆರಗು ಸುಟ್ಟತು, ಎರಡ ಬೆರಳಗಲ.

ವಹಿಯಾಗ ಬರದದ್ದು ಇಷ್ಟು:
ಹಿಂದಿನ ಜೋಡಿ ಸೊಟ್ಟ. ವಾಲ್ವಿನ ಕೀಲು ತಿರುಗಮುರುಗ.
ಷರಾ ಅನ್ನೂ ಜಾಗಾ ಖಾಲಿ.

ಸೋಮವಾರ ಮುನ್ನೂರು ವಾಲ್ವ್ ಬಾಡಿ ಬಂದು ಬಿದ್ದುವು.
ನಲವತ್ತೊಂದನೇದಕ್ಕ ತೂತು, ಎಳ್ಳಿನಷ್ಟು.
ಕುಂಚ ತುಸು ತಡಾ ಮಾಡಿತು, ಖರೆ.
ಗೀಟು ಎಳದೆ. ಒಗದೆ.
ಭಟ್ಟಿ ಕಡಿಂದ ನಬೀಸಾಬ ಕುತ್ತಿಗಿ ಉದ್ದ ಮಾಡಿದ.
ಬಂಡಿ ಹಿಂದಿನ ಕಲ್ಲಿದ್ದಲ ಡಬ್ಬಿ
ಇನ್ನೂ ಮಾಡೂದೈತಿ ಆಂವಗ.