ಅಂಗೈ ತೋರಿಸುವುದು

ಮೇಜು ಬಿಟ್ಟು ಏಳುವಾಗ
ಎರಡೂ ಕೈ ಚಾಚಿ ಒಮ್ಮೆ ತಟ್ಟಬೇಕು,
ಅಂಗೈ ಮೇಲೆ ಮಾಡಿ, ಮತ್ತೆ ಮಗುಚಿ.
ಚಾವಣಿಯ ಕಪ್ಪು ಗುಳ್ಳೆಯೊಳಗೆ ಕೂತ ಕಣ್ಣಿಗೆ
ಏನೂ ತೆಗೆದಿಲ್ಲ ಎಂದು ಹೇಳುವ ಕ್ರಮ ಅದು.
ಎಲೆ ಹಂಚುವುದು ಕಲಿಯಲು ಮೂರು ತಿಂಗಳು ಹಿಡಿಯಿತು ನನಗೆ,
ಇದಕ್ಕೆ ಒಂದು ಮಧ್ಯಾಹ್ನ.

ಪಕ್ಕದಲ್ಲಿ ಹೊಸ ಗೋಪುರ ಏಳುತ್ತಿತ್ತು ಆಗ.
ಎರಡನೆಯ ಹಂತ ಅನ್ನುತ್ತಿದ್ದರು.
ಒಂದನೆಯದು ಮುಗಿಯಿತೆಂದು
ಯಾರೂ ಹೇಳಿದ ನೆನಪಿಲ್ಲ.
ಒಂಬೈನೂರು ಕೋಣೆ, ಗಾಜಿನ ತಳದ ಈಜುಕೊಳ,
ಮೂರನೆಯ ಮಹಡಿಯ ತಲೆಯ ಮೇಲೆ ನೇರ ಐದನೆಯದು,
ನಾಲ್ಕೆಂದರೆ ನಮ್ಮ ಬಾಯಲ್ಲಿ ಸಾವಿನ ಸದ್ದು.
ರಾತ್ರಿಪಾಳಿ ಮುಗಿಸಿ ಬರುವಾಗ
ಸಿಮೆಂಟಿನ ಲಾರಿಗಳು ಹೊಟ್ಟೆ ತಿರುಗಿಸುತ್ತ
ಸಾಲಾಗಿ ನಿಂತಿರುತ್ತಿದ್ದವು,
ಬಸುರಿಯರ ಹಾಗೆ, ಆಕಳಿಸುತ್ತ.

ಕೊಲೋವಾನ್ ಒಂದು ದ್ವೀಪ, ತೈಪಾ ಒಂದು.
ನಡುವಿನ ಕಡಲಿಗೆ ಮಣ್ಣು ಸುರಿದು
ಎರಡರ ಹೆಸರನ್ನೂ ಚಿವುಟಿ ಅಂಟಿಸಿ
ಕೋತಾಯ್ ಎಂದು ಕರೆದರು.
ಮರಳು ಯಾವ ನದಿಯದೋ, ಯಾರೂ ಕೇಳಲಿಲ್ಲ.

ಅಪ್ಪ, ಲಿಯೋಂಗ್ ಕಾಮ್ ಸೆಂಗ್,
ಆ ಕಡಲಿಗೆ ಹಡಗು ಇಳಿಸಿದವ.
ತುಂಗ್ ಎಣ್ಣೆ, ಸುಣ್ಣ, ಸೆಣಬಿನ ನಾರು ಅರೆದು
ಹಲಗೆಯ ಸಂದಿಗೆ ತುಂಬುತ್ತಿದ್ದ.
ಕೊನೆಯ ಹಡಗು ಹೋದ ದಿನ
ಊಟಕ್ಕೆ ಬಾತುಕೋಳಿ ತಂದಿದ್ದ, ಕಾರಣ ಹೇಳಲಿಲ್ಲ.

ಹೊಸ ಅಂಗಣ ತೆರೆಯುವ ಹಿಂದಿನ ದಿನ
ಮನೆಯವರನ್ನು ಕರೆತರಬಹುದು ಎಂದರು.
ಅಪ್ಪ ಕರ್ಪೂರಮರದ ಪೆಟ್ಟಿಗೆಯ ವಾಸನೆಯ
ಒಂದೇ ಕೋಟು ತೊಟ್ಟು ಬಂದ.
ಇಲ್ಲಿ ಆಟಗಾರರು ಎಲೆಯ ಅಂಚು ಎತ್ತಿ
ಚುಕ್ಕಿ ಹಾರಿಹೋಗಲೆಂದು ಊದುತ್ತಾರೆ, ಎಂದೆ.
ಹಾರುತ್ತದೆಯೇ? ಎಂದ.
ತೂಗುದೀಪ ನೋಡಲಿಲ್ಲ,
ಚಾವಣಿಯಲ್ಲಿ ಬರೆದ ಸಂಜೆ ನೋಡಲಿಲ್ಲ.
ಕಂಬದ ಬುಡದಲ್ಲಿ ಮಂಡಿಯೂರಿ
ರತ್ನಗಂಬಳಿಯ ಅಂಚು ಸರಿಸಿ
ಬೆರಳ ಗೆಣ್ಣಿನಿಂದ ನೆಲ ತಟ್ಟಿದ,
ಹಲಗೆ ಟೊಳ್ಳೋ ಗಟ್ಟಿಯೋ ನೋಡುವ ಹಾಗೆ.

ನನ್ನ ಕಿವಿ ಸುಟ್ಟವು.

ಕಾವಲಿನ ಪದಮ್ ಲಿಂಬು ಬಂದ.
ಪೂರ್ವ ನೇಪಾಳದ ಬೆಟ್ಟದವ,
ಇಪ್ಪತ್ತು ತುಂಬುವವರೆಗೆ ಕಡಲು ಕಂಡವನಲ್ಲ.
ಚಿಕ್ಕಪ್ಪ, ಏನಾದರೂ ಬಿತ್ತೇ? ಎಂದ
ಹರಕುಮುರುಕು ಕ್ಯಾಂಟನೀಸಿನಲ್ಲಿ.
ಭರತ ಬಂದರೆ ಇಲ್ಲಿ ಎರಡಾಳು ನೀರು, ಎಂದ ಅಪ್ಪ,
ಇದು ಸೋರಬೇಕಲ್ಲ?
ಪದಮ್ ಅತ್ತ ಇತ್ತ ನೋಡಿ ಬಗ್ಗಿದ:
ಕೆಳಗೆ ನಾಲ್ಕು ಪಂಪು. ಹಗಲೂ ರಾತ್ರಿ.
ಒಂದು ಕೆಟ್ಟರೆ ನಮ್ಮ ಬೂಟು ಒದ್ದೆ.

ಅಪ್ಪನ ಮುಖ ಅರಳಿದ್ದು
ಆ ದಿನಕ್ಕೆಲ್ಲ ಅದೊಂದೇ ಸಲ.
ಹಾಗಾದರೆ ಹಡಗೇ, ಎಂದ.
ಎದ್ದು ಕೋಟಿನ ಧೂಳು ಕೊಡವಿ
ಕಂಬವನ್ನು ಎರಡು ಸಲ ತಟ್ಟಿದ,
ಯಾರೋ ಹೊಸ ಹುಡುಗನ ಬೆನ್ನು ತಟ್ಟಿದಂತೆ.

ರಾತ್ರಿ ಮನೆಯಲ್ಲಿ
ಗಂಜಿ ಮುಗಿಸಿ ಏಳುವಾಗ
ನನಗೇ ತಿಳಿಯದೆ ಕೈ ತಟ್ಟಿದೆ,
ಅಂಗೈ ತೋರಿಸಿದೆ, ಮಗುಚಿದೆ.
ಸೂರಿನಲ್ಲಿ ಹಲ್ಲಿ ಬಿಟ್ಟರೆ ಯಾರಿದ್ದರು?

ಅಪ್ಪ ಚಾಪ್‌ಸ್ಟಿಕ್ ಕೆಳಗಿಟ್ಟ.
ಬೇಕೆಂದೇ ಗಂಭೀರವಾಗಿ
ತಾನೂ ಒಮ್ಮೆ ತಟ್ಟಿ ಕೈ ಚಾಚಿದ.
ಎಡ ಹೆಬ್ಬೆರಳ ತುದಿ ಇಲ್ಲ,
ಬಾಚಿ ತಿಂದದ್ದು, ನಾನು ಹುಟ್ಟುವ ಮೊದಲು.
ಗೆರೆಗಳಿಗೆ ಇಳಿದ ಎಣ್ಣೆ ಇನ್ನೂ ಕಪ್ಪು.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ನನ್ನ ಕೈಗೆ ಮುನ್ನೂರು ಕನ್ನಡಿ ಇದ್ದೂ
ಅಷ್ಟು ನಿಚ್ಚಳ ಏನೂ ಕಾಣುವುದಿಲ್ಲ.

ನೋಡಿದೆಯಾ, ಎಂದ ಅಪ್ಪ.
ನೋಡಿದೆ.
ಹತ್ತೂ ನಲವತ್ತರ ಬಸ್ಸಿಗೆ ಹೊತ್ತಾಗಿತ್ತು.
ಕೊಡೆ ಹುಡುಕುತ್ತಿದ್ದೆ ನಾನು, ಅವನು ಕೇಳುತ್ತಿದ್ದ,
ಮೂರನೆಯ ಹಂತ ಯಾವಾಗಂತೆ,
ಆ ಪಂಪುಗಳು ಯಾವ ಊರಿನವಂತೆ.